ಬಣ್ಣಕ್ಕೆ ಲಕ್ಷ, ವಯರಿಂಗಿಗೆ ಚೌಕಾಸಿ

ನಮ್ಮ ಕಡೆಯ ಹೆಚ್ಚಿನ ಮನೆಗಳಿಗೆ ಒಂದು ಗಾಡಿಯ ಕತೆ ಉಂಟು. ಬಾಪನದ್ದೋ, ಅಜ್ಜನದ್ದೋ ಒಂದು ಜೀಪು, ಒಂದು ಮೆಟಡೋರ್, ಒಂದು ಪಿಕಪ್. ದಕ್ಕೆಯಿಂದ ಮೀನು ಹೇರಿಕೊಂಡು ಘಟ್ಟ ಹತ್ತಿದ್ದು ಅದೇ, ಹಳ್ಳಿ ಹಳ್ಳಿ ತಿರುಗಿ ಗುಜರಿ ತಂದದ್ದು ಅದೇ, ತಂಗಿಯ ಮದುವೆಗೆ ಪಾತ್ರೆ ಸಾಗಿಸಿದ್ದೂ ಅದೇ. ಮಕ್ಕಳ ಫೀಸು, ಮನೆಯ ಹಂಚು, ಉಮ್ಮನ ಮದ್ದು ಎಲ್ಲ ಅದರ ದುಡಿಮೆಯಲ್ಲೇ ಬಂದದ್ದು. ಆಮೇಲೆ ಮಕ್ಕಳು ಗಲ್ಫಿಗೆ ಹೋದರು, ಹೊಸ ಗಾಡಿ ಬಂತು, ಹಳೆಯದು ಅಂಗಳದ ಮೂಲೆಯಲ್ಲಿ ಟಾರ್ಪಾಲು ಹೊದ್ದು ನಿಂತಿತು.

ಈಗ ಅಂಥ ಗಾಡಿಗಳನ್ನು ಮತ್ತೆ ಹೊರಗೆ ತೆಗೆಯುವ ಹುಮ್ಮಸ್ಸು ನಮ್ಮ ಹುಡುಗರಲ್ಲಿ ಬಂದಿದೆ. ಒಳ್ಳೆಯದೇ. ಹಿರಿಯರ ದುಡಿಮೆಯ ನೆನಪನ್ನು ಗುಜರಿಗೆ ಹಾಕಲು ಮನಸ್ಸು ಬಾರದಿರುವುದು ಒಳ್ಳೆಯ ಗುಣವೇ. ಆದರೆ ಈ ಕೆಲಸಕ್ಕೆ ಇಳಿದವರು ಹಣವನ್ನು ಯಾವುದಕ್ಕೆ ಸುರಿಯುತ್ತಾರೆ ಎಂದು ಸ್ವಲ್ಪ ನೋಡಿ. ಮೊದಲು ಟಿಂಕರಿಂಗ್, ಆಮೇಲೆ ಬಣ್ಣ, ಆಮೇಲೆ ಅಗಲದ ಟಯರು, ಸೀಟು, ಎಲ್‌ಇಡಿ ಬಾರ್, ಎರಡು ಬಗೆಯ ಹಾರ್ನು. ಕೊನೆಯಲ್ಲಿ ಕಿಸೆ ಖಾಲಿಯಾದ ಮೇಲೆ ಇಲೆಕ್ಟ್ರಿಶಿಯನ್ ಹತ್ತಿರ ಹೋಗಿ, "ಕಾಕ, ಲೈಟ್ ಹೊತ್ತುವ ಹಾಗೆ ಸ್ವಲ್ಪ ಮಾಡಿಕೊಡಿ" ಎನ್ನುವುದು. ನಾವೂ ಹಾಗೆಯೇ ಮಾಡಿದವರು. ಅದರಿಂದ ಏನಾಯ್ತು ಅಂತ ಹೇಳಿದರೆ ನಾಲ್ಕು ಮನೆಯವರಾದರೂ ಎಚ್ಚರ ವಹಿಸಬಹುದು ಎಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇವೆ.

ನಮ್ಮದು 1970ರ ದಶಕದ ಒಂದು ಜೀಪ್ ಪಿಕಪ್. ಬಾಪ ಅದನ್ನು ಸೆಕೆಂಡ್ ಹ್ಯಾಂಡ್ ತೆಗೆದುಕೊಂಡದ್ದು. ಮೊದಲು ಪೆಟ್ರೋಲ್ ಇತ್ತು, ಖರ್ಚು ಹುಟ್ಟದೆ ಡೀಸೆಲ್ ಎಂಜಿನ್ ಕೂರಿಸಿದರು. ಬಾಪ ತೀರಿಕೊಂಡ ಮೇಲೆ ಹಲವು ಮಳೆಗಾಲ ಅದು ಅಂಗಳದಲ್ಲೇ ಕಳೆಯಿತು. ಅಣ್ಣ ಸೌದಿಯಿಂದ ವಾಪಸ್ ಬಂದವನೇ "ಬಾಪನ ಗಾಡಿ ಈ ಪೆರ್ನಾಳಿಗೆ ರೋಡಿಗೆ ಇಳಿಯಬೇಕು" ಎಂದ. ನಾವು ಮೂವರು ಅಣ್ಣತಮ್ಮಂದಿರು ಸೇರಿ ಹಣ ಹಾಕಿದೆವು. ಟಿಂಕರಿಂಗ್ ಮತ್ತು ಬಣ್ಣಕ್ಕೇ ಒಂದು ಲಕ್ಷ ದಾಟಿತು. ಬಾಪ ಇದ್ದಾಗಿನ ಅದೇ ಹಸಿರು ಬಣ್ಣ. ಉಮ್ಮ ಬಾಗಿಲಿಗೆ ಬಂದು ನೋಡಿ ಕಣ್ಣೊರೆಸಿಕೊಂಡರು. ವಯರಿಂಗ್ ಮಾತ್ರ ಇದ್ದದ್ದೇ ಇತ್ತು. ಹಾರ್ನಿಗೆ, ಎದುರಿನ ಹೊಸ ಲೈಟಿಗೆ ಬ್ಯಾಟರಿಯಿಂದ ನಾವೇ ಒಂದು ತಂತಿ ಎಳೆದೆವು. ಮೊಬೈಲಿನಲ್ಲಿ ವಿಡಿಯೊ ನೋಡಿಕೊಂಡು ಮಾಡಿದ ಕೆಲಸ ಅದು.

ಪೆರ್ನಾಳ್ ಕಳೆದು ಎರಡನೆಯ ವಾರ, ಸಂಜೆ ಹೊತ್ತು, ಜಡಿಮಳೆ. ಅಣ್ಣ ತನ್ನ ಇಬ್ಬರು ಮಕ್ಕಳನ್ನು ಎದುರು ಕೂರಿಸಿಕೊಂಡು ಬಿ.ಸಿ.ರೋಡ್ ಕಡೆಯಿಂದ ಮನೆಗೆ ಬರುತ್ತಿದ್ದ. ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಹೊರಗಿನದ್ದು ಅಂತ ಅವನು ಗಮನ ಕೊಡಲಿಲ್ಲ. ಚಿಕ್ಕವಳು "ಬಾಪ, ನನ್ನ ಕಾಲಡಿಯಿಂದ ಹೊಗೆ ಬರ್ತದೆ" ಎಂದಳು. ಗಾಡಿಯನ್ನು ಬದಿಗೆ ಹಾಕಿ ಕೀ ತಿರುಗಿಸಿದ, ಎಂಜಿನ್ ನಿಲ್ಲಿಸಿದ. ಹೊಗೆ ನಿಲ್ಲಲಿಲ್ಲ. ಯಾಕೆಂದರೆ ನಾವು ಎಳೆದ ತಂತಿಗೂ ಕೀಗೂ ಸಂಬಂಧವೇ ಇರಲಿಲ್ಲ, ಅದು ನೇರ ಬ್ಯಾಟರಿಯದ್ದು. ಮಕ್ಕಳನ್ನು ಹೊರಗೆಳೆದು ದೂರ ನಿಲ್ಲಿಸಿ ಬಾನೆಟ್ ಎತ್ತಿದರೆ ಬ್ಯಾಟರಿಯ ಕ್ಲಾಂಪ್ ಬಿಚ್ಚಲು ಕೈಯಲ್ಲಿ ಸ್ಪ್ಯಾನರ್ ಇಲ್ಲ. ಹಿಂದೆ ಬಂದ ಲಾರಿಯವರೊಬ್ಬರು ಇಳಿದು ಬಂದು, ಸ್ಪ್ಯಾನರ್ ಹಾಕಿ ಅರ್ಥಿನ ಕೇಬಲ್ ಕಳಚಿದರು. ಅವರ ಹೆಸರು ಕೇಳುವಷ್ಟು ಪ್ರಜ್ಞೆಯೂ ಅಣ್ಣನಿಗೆ ಇರಲಿಲ್ಲ. ಇನ್ನೆರಡು ನಿಮಿಷ ತಡವಾಗಿದ್ದರೆ ಏನಾಗುತ್ತಿತ್ತು ಎಂಬುದನ್ನು ಈಗಲೂ ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಮರುದಿನ ಹೆದ್ದಾರಿ ಬದಿಯ ಶೆಡ್ಡಿನಲ್ಲಿ ಕೂತು ಕೆಲಸ ಮಾಡುವ ಒಬ್ಬ ಹಿರಿಯ ಇಲೆಕ್ಟ್ರಿಶಿಯನ್ ಹತ್ತಿರ ಗಾಡಿಯನ್ನು ಎಳೆಸಿಕೊಂಡು ಹೋದೆವು. ಬಾಪನ ಕಾಲದಿಂದ ಪರಿಚಯದವರು. ಅವರು ಡ್ಯಾಶ್ ಬೋರ್ಡಿನ ಕೆಳಗೆ ಟಾರ್ಚ್ ಹಿಡಿದು ಐದು ನಿಮಿಷ ನೋಡಿದರು. "ಸುಟ್ಟ ತಂತಿ ಮಾತ್ರ ಬದಲಿಸಿ ಕೊಡಿ ಕಾಕ" ಎಂದೆವು. "ಪೂರ್ತಿ ತೆಗೆದು ಹೊಸತು ಹಾಕುವುದಾದರೆ ಮಾಡ್ತೇನೆ. ತೇಪೆ ಹಾಕ್ಲಿಕ್ಕೆ ನನ್ನಿಂದ ಆಗ್ಲಿಕ್ಕಿಲ್ಲ. ಬೇರೆಯವರನ್ನು ನೋಡಿ" ಎಂದರು. ನಮಗೆ ಸ್ವಲ್ಪ ಸಿಟ್ಟೇ ಬಂತು. ಬಿಲ್ಲು ಹೆಚ್ಚಿಸಲಿಕ್ಕೆ ಹೇಳುವ ಮಾತು ಅಂತಲೇ ತಿಳಿದದ್ದು. ಅವರು ಹಳೆ ಕಟ್ಟನ್ನು ಹೊರಗೆಳೆದು ನೆಲದ ಮೇಲೆ ಹಾಸಿದ ಮೇಲೆ ನಾವು ಮಾತನಾಡಲಿಲ್ಲ.

ಏನೆಲ್ಲ ಇತ್ತು ಅದರಲ್ಲಿ! ಕೆಲವು ಕಡೆ ಗಾಡಿ ಹುಟ್ಟಿದಾಗಿನ ತಂತಿ, ಅದರ ಹೊದಿಕೆ ಒಣಗಿ ಬೆರಳು ಮುಟ್ಟಿದರೆ ಉದುರುತ್ತಿತ್ತು. ಕೆಲವು ಕಡೆ ಮನೆಗೆ ಹಾಕುವ ಒಂಟಿ ಎಳೆಯ ಗಟ್ಟಿ ತಾಮ್ರದ ತಂತಿ. ಮನೆಯ ಗೋಡೆ ಅಲುಗುವುದಿಲ್ಲ, ಹಾಗಾಗಿ ಅಲ್ಲಿ ಅದು ನಡೆಯುತ್ತದೆ. ಗಾಡಿ ದಿನವಿಡೀ ಕುಲುಕುತ್ತದೆ, ಒಂಟಿ ತಂತಿ ಬಾಗಿ ಬಾಗಿ ಒಳಗೇ ಮುರಿಯುತ್ತದೆ. ಗಾಡಿಗೆ ಸಣ್ಣ ಸಣ್ಣ ಎಳೆಗಳನ್ನು ಹೊಸೆದ ಮೆದು ತಂತಿಯೇ ಬೇಕು. ಇಲಿ ಕಚ್ಚಿದ ಜಾಗ ಮೂರು. ಟಿಂಕರಿಂಗಿನವರು ವೆಲ್ಡಿಂಗ್ ಮಾಡುವಾಗ ತಗಡಿನ ಹಿಂದಿನ ತಂತಿ ಕರಗಿದ ಜಾಗ ಎರಡು. ಇನ್ಸುಲೇಶನ್ ಟೇಪು ಸುತ್ತಿದ ಗಂಟುಗಳನ್ನು ಕಾಕನ ಶೆಡ್ಡಿನ ಹುಡುಗ ಎಣಿಸಿದ, ನಲವತ್ತು ದಾಟಿದ ಮೇಲೆ ನಿಲ್ಲಿಸಿದ. ನಮ್ಮ ಸೆಖೆಗೆ ಟೇಪಿನ ಅಂಟು ಕರಗಿ ಜಾರುತ್ತದೆ, ಒಳಗಿನ ತಾಮ್ರ ಬತ್ತಲೆಯಾಗುತ್ತದೆ. ಇದೆಲ್ಲ ನಮ್ಮ ಒಂದು ಲಕ್ಷದ ಹಸಿರು ಬಣ್ಣದ ಹಿಂದೆ ಅಡಗಿ ಕೂತಿತ್ತು.

ಹೊಗೆ ಬಂದದ್ದು ಎಲ್ಲಿಂದ? ನಾವೇ ಎಳೆದ ತಂತಿಯಿಂದ. ಎಂಜಿನ್ ಕಡೆಯಿಂದ ಕ್ಯಾಬಿನ್ನಿಗೆ ಬರುವ ತಗಡಿನಲ್ಲಿ ತೂತು ಕೊರೆದಿದ್ದೆವು, ಆ ತೂತಿಗೆ ರಬ್ಬರ್ ಬುಶ್ ಹಾಕಿರಲಿಲ್ಲ. ತಗಡಿನ ಅಂಚು ಚೂರಿಯಂತೆ. ಎರಡು ವಾರ ತಿಕ್ಕಿದ್ದೇ ಹೊದಿಕೆ ಹರಿದು ತಾಮ್ರ ಬಾಡಿಗೆ ತಗಲಿತು. ಗಾಡಿಯ ಬಾಡಿ ಎಂದರೆ ಬ್ಯಾಟರಿಯ ಇನ್ನೊಂದು ತುದಿ. ನಡುವೆ ಫ್ಯೂಸ್ ಇಲ್ಲ. ಸೆಲ್ಫ್ ಹೊಡೆಯುವಾಗ ನೂರಾರು ಆಂಪಿಯರ್ ಕೊಡುವ ಬ್ಯಾಟರಿ ಅದು. ಆ ಶಕ್ತಿ ಪೂರ್ತಿ ಒಂದು ಸಪೂರ ತಂತಿಯಲ್ಲಿ ನುಗ್ಗಿದರೆ ತಂತಿ ಹೀಟರಿನ ಕಾಯಿಲ್ ಆಗುತ್ತದೆ. "12 ವೋಲ್ಟ್ ತಾನೆ, ಏನಾಗ್ತದೆ" ಎಂದು ನಾವೆಲ್ಲ ಹೇಳುವ ಮಾತು ಉಂಟಲ್ಲ, ಅದು ಶಾಕ್ ಹೊಡೆಯುವ ವಿಷಯಕ್ಕೆ ಸರಿ. ಬೆಂಕಿ ಹಿಡಿಯುವ ವಿಷಯಕ್ಕೆ ಪೂರ್ತಿ ತಪ್ಪು.

ಇನ್ನೊಂದು ತಪ್ಪು ತಿಳುವಳಿಕೆ ನಮ್ಮಲ್ಲಿ ಬೇರೂರಿದೆ. ಫ್ಯೂಸ್ ಇರುವುದು ಬಲ್ಬನ್ನೋ ಹಾರ್ನನ್ನೋ ಉಳಿಸಲಿಕ್ಕೆ ಅಂತ. ಅಲ್ಲ, ಫ್ಯೂಸ್ ಇರುವುದು ತಂತಿಯನ್ನು ಉಳಿಸಲಿಕ್ಕೆ. ಹಾಗಾಗಿ ಅದು ಬ್ಯಾಟರಿಯ ಹತ್ತಿರ ಇರಬೇಕು, ಹಾರ್ನಿನ ಹತ್ತಿರ ಅಲ್ಲ. ಹಾರ್ನಿನ ಪಕ್ಕ ಫ್ಯೂಸ್ ಹಾಕಿದರೆ ಬ್ಯಾಟರಿಯಿಂದ ಅಲ್ಲಿವರೆಗಿನ ತಂತಿಗೆ ಕಾವಲು ಇಲ್ಲ. ತಂತಿ ಎಷ್ಟು ತಡೆಯುತ್ತದೋ ಅದಕ್ಕಿಂತ ಕಡಿಮೆಯ ಫ್ಯೂಸ್ ಹಾಕಬೇಕು. ಈಗಿನ ಚಪ್ಪಟೆ ಫ್ಯೂಸುಗಳಿಗೆ ಬಣ್ಣವೇ ಗುರುತು: 10 ಆಂಪಿಯರ್ ಕೆಂಪು, 15 ನೀಲಿ, 20 ಹಳದಿ, 30 ಹಸಿರು. ಕೆಂಪು ಎರಡು ಸಲ ಹೋಯಿತು ಅಂತ ಹಸಿರು ಹಾಕುವವರಿದ್ದಾರೆ. ಸಿಗರೇಟಿನ ಬೆಳ್ಳಿ ಕಾಗದ ಸುತ್ತುವವರೂ ಇದ್ದಾರೆ. ಫ್ಯೂಸ್ ಪದೇ ಪದೇ ಹೋಗುವುದೆಂದರೆ "ಇಲ್ಲಿ ಏನೋ ತಪ್ಪಿದೆ" ಎಂದು ಗಾಡಿ ಕೂಗಿ ಹೇಳುವುದು. ಆ ಬಾಯಿ ಕಟ್ಟಿದರೆ ಆಮೇಲೆ ಮಾತನಾಡುವುದು ಹೊಗೆಯೇ.

ಕಾಕ ಎಂಟು ದಿನ ತೆಗೆದುಕೊಂಡರು. ಮೊದಲ ದಿನ ತಂತಿಯನ್ನೇ ಮುಟ್ಟಲಿಲ್ಲ. ಹಳೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಚಿತ್ರ ಬರೆದರು. ಹೆಡ್‌ಲೈಟ್, ಪಾರ್ಕಿಂಗ್, ಬ್ರೇಕ್, ಇಂಡಿಕೇಟರ್, ವೈಪರ್, ಹಾರ್ನ್, ಮೀಟರು, ಸೆಲ್ಫ್, ಚಾರ್ಜಿಂಗ್. ಯಾವುದಕ್ಕೆ ಎಷ್ಟು ಆಂಪಿಯರ್, ಯಾವ ದಪ್ಪದ ತಂತಿ, ಯಾವ ಫ್ಯೂಸ್, ಕೀ ಹಾಕಿದಾಗ ಮಾತ್ರ ಬರಬೇಕಾದದ್ದು ಯಾವುದು, ಯಾವಾಗಲೂ ಇರಬೇಕಾದದ್ದು ಯಾವುದು. ಹಳೆಯ ಬ್ರಿಟಿಷ್ ಗಾಡಿಗಳಲ್ಲಿ ಬಣ್ಣಕ್ಕೆ ಒಂದು ಕ್ರಮ ಇತ್ತಂತೆ. ಬ್ಯಾಟರಿಯಿಂದ ನೇರ ಬರುವುದು ಕಂದು, ಕೀಯಿಂದ ಬರುವುದು ಬಿಳಿ, ಕೀ ದಾಟಿ ಫ್ಯೂಸಿನಿಂದ ಬರುವುದು ಹಸಿರು, ಹೆಡ್‌ಲೈಟಿಗೆ ನೀಲಿ, ಹಿಂದಿನ ಲೈಟಿಗೆ ಕೆಂಪು, ಅರ್ಥಿಗೆ ಕಪ್ಪು. ನಮ್ಮ ಗಾಡಿಗೂ ಅವರು ಅದೇ ಕ್ರಮ ಹಿಡಿದರು. "ನಾನು ಸತ್ತ ಮೇಲೆ ಇದನ್ನು ಬಿಚ್ಚುವವನಿಗೆ ಗೊತ್ತಾಗಬೇಕಲ್ಲ" ಎಂದರು. ಇಡೀ ಗಾಡಿಗೆ ಕೆಂಪು ತಂತಿಯೊಂದನ್ನೇ ಎಳೆದವರಿಗೆ, ಅಂದರೆ ನಮಗೆ, ಆ ಮಾತು ತಾಗಿತು.

ಹೆಡ್‌ಲೈಟಿನ ವಿಷಯ ಪ್ರತ್ಯೇಕ ಹೇಳಬೇಕು. ರಾತ್ರಿ ಶಿರಾಡಿ, ಚಾರ್ಮಾಡಿ ಹತ್ತುವವರು ನಮ್ಮಲ್ಲಿ ಬಹಳ ಮಂದಿ. ಹಳೆ ಗಾಡಿಯ ಬೆಳಕು ಮಂದ, ಅದಕ್ಕೇ ಎಲ್‌ಇಡಿ ಬಾರ್ ಬೇಕು ಅಂತ ನಾವು ವಾದ ಮಾಡಿದ್ದೆವು. ಕಾಕ ಮೀಟರ್ ಹಿಡಿದು ತೋರಿಸಿದರು. 60 ವ್ಯಾಟಿನ ಎರಡು ಬಲ್ಬ್ ಎಂದರೆ 12 ವೋಲ್ಟಿನಲ್ಲಿ 10 ಆಂಪಿಯರ್. ಹಳೆಯ ಪದ್ಧತಿಯಲ್ಲಿ ಈ ಕರೆಂಟು ಬ್ಯಾಟರಿಯಿಂದ ಡ್ಯಾಶ್ ಬೋರ್ಡಿಗೆ ಬಂದು, ಸ್ವಿಚ್ಚಿನೊಳಗೆ ಹಾದು, ಡಿಪ್ಪರ್ ದಾಟಿ, ಮತ್ತೆ ಎದುರಿನ ಬಲ್ಬಿಗೆ ಹೋಗಬೇಕು. ಒಂದು ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿ ಐದು ಮೀಟರ್ ಇದ್ದರೆ 10 ಆಂಪಿಯರಿಗೆ ಸುಮಾರು 0.9 ವೋಲ್ಟ್ ದಾರಿಯಲ್ಲೇ ತಿಂದುಬಿಡುತ್ತದೆ. ತುಕ್ಕು ಹಿಡಿದ ಜೋಡಣೆಗಳು ತಿನ್ನುವುದು ಬೇರೆ. ವೋಲ್ಟೇಜು ಹತ್ತರಲ್ಲಿ ಒಂದು ಪಾಲು ಇಳಿದರೆ ಹಳೆ ನಮೂನೆಯ ಬಲ್ಬಿನ ಬೆಳಕು ಹತ್ತರಲ್ಲಿ ಮೂರು ಪಾಲಿನಷ್ಟು ಇಳಿಯುತ್ತದೆ. ಅಂದರೆ ಬಲ್ಬಿನ ತಪ್ಪಲ್ಲ, ದಾರಿಯ ತಪ್ಪು.

ಅದಕ್ಕೆ ಮದ್ದು ರಿಲೇ. ಸಣ್ಣ ಡಬ್ಬಿ, ಬೆಲೆಯೂ ಸಣ್ಣದು. ಅದರ ಕಾಲುಗಳಿಗೆ ನಂಬರ್ ಇರುತ್ತದೆ: 30ಕ್ಕೆ ಬ್ಯಾಟರಿಯಿಂದ ಫ್ಯೂಸ್ ಮೂಲಕ ದಪ್ಪ ತಂತಿ, 87ರಿಂದ ಲೈಟಿಗೆ ದಪ್ಪ ತಂತಿ, 85 ಮತ್ತು 86 ಒಳಗಿನ ಕಾಯಿಲಿಗೆ. ಡ್ಯಾಶ್ ಬೋರ್ಡಿನ ಸ್ವಿಚ್ಚು ಆ ಕಾಯಿಲಿಗೆ ಬೇಕಾದ ಚೂರು ಕರೆಂಟನ್ನು ಮಾತ್ರ ಹೊರುತ್ತದೆ. ದೊಡ್ಡ ಕರೆಂಟು ಹತ್ತಿರದ ದಾರಿಯಲ್ಲಿ ನೇರ ಲೈಟಿಗೆ. ಸ್ವಿಚ್ಚು ಬಿಸಿಯಾಗುವುದಿಲ್ಲ, ಬೆಳಕು ಪೂರ್ತಿ ಬರುತ್ತದೆ. ನಮ್ಮ ಗಾಡಿಗೆ ಡಿಮ್ಮಿಗೊಂದು, ಬ್ರೈಟಿಗೊಂದು ರಿಲೇ ಹಾಕಿದರು. ಬಲ್ಬ್ ಹಳೆಯದೇ. ಆ ರಾತ್ರಿ ಅಂಗಳದಲ್ಲಿ ಲೈಟ್ ಹಾಕಿದಾಗ ಎದುರಿನ ತೆಂಗಿನ ತೋಟದ ಕೊನೆವರೆಗೆ ಕಂಡಿತು. ಎಲ್‌ಇಡಿ ಬಾರನ್ನು ತೆಗೆದು ಅಟ್ಟದ ಮೇಲೆ ಇಟ್ಟೆವು.

ಅರ್ಥಿನ ಕತೆ ಅದಕ್ಕಿಂತ ದೊಡ್ಡದು. ಎಡಗಡೆ ಇಂಡಿಕೇಟರ್ ಹಾಕಿದರೆ ಬಲಗಡೆಯದ್ದೂ ಮಿಣುಕುವುದು, ಬ್ರೇಕ್ ತುಳಿದರೆ ಪಾರ್ಕಿಂಗ್ ಲೈಟ್ ಮಂಕಾಗುವುದು, ಇಂಥ ಭೂತಚೇಷ್ಟೆಗೆಲ್ಲ ಹೆಚ್ಚಾಗಿ ಕಾರಣ ಸಡಿಲ ಅರ್ಥ್. ಕಡಲ ಬದಿಯ ಉಪ್ಪುಗಾಳಿಗೆ, ಮೀನಿನ ನೀರಿಗೆ ತುಕ್ಕು ಹಿಡಿಯದ ಬೋಲ್ಟ್ ಯಾವುದು ಮಾರಾಯ್ರೆ? ಅದರ ಮೇಲೆ ನಮ್ಮ ಹೊಸ ಬಣ್ಣ. ಬಣ್ಣದ ಮೇಲೆ ಅರ್ಥ್ ಬೋಲ್ಟ್ ಬಿಗಿದರೆ ಕರೆಂಟಿಗೆ ಬಾಗಿಲು ಮುಚ್ಚಿದ ಹಾಗೆ. ಎಂಜಿನ್ನಿಗೂ ಚೇಸಿಸಿಗೂ ನಡುವೆ ಇರಬೇಕಾದ ಜಡೆಯಂಥ ಅರ್ಥ್ ಪಟ್ಟಿ ನಮ್ಮ ಗಾಡಿಯಲ್ಲಿ ಇರಲೇ ಇಲ್ಲ. ಅದು ಇಲ್ಲದಿದ್ದರೆ ಸೆಲ್ಫಿನ ಕರೆಂಟು ಆಕ್ಸಿಲರೇಟರ್ ಕೇಬಲಿನಂಥ ಸಿಕ್ಕಿದ ದಾರಿ ಹಿಡಿದು ಅದನ್ನು ಸುಡುತ್ತದೆ. ಕಾಕ ಬಣ್ಣ ಕೆರೆದು, ಲೋಹ ಹೊಳೆಯುವಂತೆ ಮಾಡಿ, ಬೋಲ್ಟ್ ಬಿಗಿದು, ಮೇಲೆ ಗ್ರೀಸ್ ಸವರಿದರು. ಹೊಸ ಬಣ್ಣ ಕೆರೆಯುವುದನ್ನು ನೋಡಿ ಅಣ್ಣನಿಗೆ ಹೊಟ್ಟೆ ಉರಿಯಿತು. ಟಿಂಕರಿಂಗ್ ಮುಗಿದ ಮೇಲೆ, ಬಣ್ಣ ಹೊಡೆಯುವ ಮುಂಚೆಯೇ ಇಲೆಕ್ಟ್ರಿಶಿಯನ್ನನ್ನು ಕರೆದು ಅರ್ಥಿನ ಜಾಗಗಳನ್ನು ಗುರುತು ಮಾಡಿಸಬೇಕು ಎಂಬ ಬುದ್ಧಿ ನಮಗೆ ಬಂದದ್ದು ಆಗ.

ಜೋಡಣೆಯಲ್ಲೂ ಕಾಕನಿಗೆ ಹಟ. ತಂತಿ ತಿರುಚಿ ಟೇಪು ಸುತ್ತುವುದು ಇಲ್ಲವೇ ಇಲ್ಲ. ಪ್ರತಿ ತುದಿಗೆ ಅಳತೆಯ ಲಗ್, ಅದನ್ನು ಅದರದ್ದೇ ಪ್ಲೈಯರಿನಲ್ಲಿ ಒತ್ತಿ, ಕೈಯಲ್ಲಿ ಎಳೆದು ನೋಡಿ, ಮೇಲೆ ಬಿಸಿಗೆ ಕುಗ್ಗುವ ಸ್ಲೀವ್. ತಗಡು ದಾಟುವ ಪ್ರತಿ ತೂತಿಗೆ ರಬ್ಬರ್ ಬುಶ್. ಬಿಸಿ ಸೈಲೆನ್ಸರ್ ಪೈಪಿನಿಂದ ದೂರ, ಅಂಗೈ ಅಗಲಕ್ಕೊಂದು ಕ್ಲಿಪ್. ಬ್ಯಾಟರಿಯ ಹತ್ತಿರ ಒಂದು ಮೇನ್ ಸ್ವಿಚ್. ಅದನ್ನು ತಿರುಗಿಸಿದರೆ ಇಡೀ ಗಾಡಿಯ ಕರೆಂಟು ಬಂದ್. ಆ ಮಳೆಯ ಸಂಜೆ ಅಂಥದ್ದೊಂದು ಇದ್ದಿದ್ದರೆ ಅಣ್ಣ ಸ್ಪ್ಯಾನರಿಗೆ ಹುಡುಕಬೇಕಾಗಿರಲಿಲ್ಲ. ಎಲ್ಲ ಮುಗಿದ ಮೇಲೂ ಬ್ಯಾಟರಿಯನ್ನು ನೇರ ಕೊಡಲಿಲ್ಲ. ಎಲ್ಲ ಸ್ವಿಚ್ಚು ಆಫ್ ಮಾಡಿ, ನಡುವೆ ಒಂದು ಬಲ್ಬ್ ಸೇರಿಸಿ ಕೊಟ್ಟರು. ಎಲ್ಲಾದರೂ ಶಾರ್ಟ್ ಇದ್ದರೆ ಬಲ್ಬ್ ಜೋರಾಗಿ ಉರಿಯುತ್ತದೆ, ತಂತಿ ಉಳಿಯುತ್ತದೆ. ಬಲ್ಬ್ ಉರಿಯಲಿಲ್ಲ. ಆಗ ಮಾತ್ರ ಕಾಕನ ಮುಖದಲ್ಲಿ ನಗು ಕಂಡದ್ದು.

ಇಷ್ಟೆಲ್ಲ ಆದ ಮೇಲೆ ನಾವು ಮಾಡಿದ್ದೇನು ಗೊತ್ತುಂಟಾ? ಬಿಲ್ಲು ಕೈಗೆ ಬಂದಾಗ ಚೌಕಾಸಿ! ಸಾಮಾನು ಮತ್ತು ಎಂಟು ದಿನದ ಕೂಲಿ ಸೇರಿ ಬಣ್ಣದ ಖರ್ಚಿನ ಕಾಲು ಭಾಗವೂ ಆಗಿರಲಿಲ್ಲ. ಆದರೂ "ಬರೀ ವಯರಿಗೆ ಇಷ್ಟಾ ಕಾಕ" ಎಂದು ನಮ್ಮ ಬಾಯಿಂದ ಬಂದೇ ಬಂತು. ಬಣ್ಣದವರ ಹತ್ತಿರ ಹಾಗೆ ಕೇಳಿರಲಿಲ್ಲ. ಅವರ ಕೆಲಸ ಕಣ್ಣಿಗೆ ಹೊಳೆಯುತ್ತಿತ್ತು, ನೆರೆಯವರು ಹೊಗಳುತ್ತಿದ್ದರು. ಇವರ ಕೆಲಸ ಡ್ಯಾಶ್ ಬೋರ್ಡಿನ ಹಿಂದೆ, ಯಾರಿಗೂ ಕಾಣದು. ಕಾಕ ಸಿಟ್ಟಾಗಲಿಲ್ಲ. "ಮಕ್ಕಳು ಎದುರು ಸೀಟಿನಲ್ಲಿ ಕೂರುವುದಲ್ವಾ" ಎಂದಷ್ಟೇ ಹೇಳಿದರು. ಬಿಲ್ಲು ಪೂರ್ತಿ ಕೊಟ್ಟೆವು. ಆದರೆ ಕೇಳಿದ ಮಾತನ್ನು ವಾಪಸ್ ತೆಗೆದುಕೊಳ್ಳಲಿಕ್ಕೆ ಆಗುವುದಿಲ್ಲವಲ್ಲ.

ಇಲ್ಲಿಯೇ ನಾವು ಹೇಳಬೇಕೆಂದಿರುವ ವಿಷಯ ಇರುವುದು. ಕಾಣುವುದಕ್ಕೆ ಧಾರಾಳ, ಕಾಣದ್ದಕ್ಕೆ ಬಿಗಿಮುಷ್ಟಿ ಎಂಬ ಚಾಳಿ ಗಾಡಿಯಲ್ಲಿ ಮಾತ್ರ ಅಲ್ಲ, ನಮ್ಮ ಮನೆ ಕಟ್ಟುವುದರಲ್ಲೂ ಉಂಟು. ಎದುರಿನ ಸಿಟೌಟಿಗೆ ಗ್ರಾನೈಟ್, ಒಳಗಿನ ವಯರಿಗೆ ಅಗ್ಗದ ಕಾಯಿಲ್. ಗಾಡಿಯ ವಿಷಯದಲ್ಲಿ ಅದರ ಬೆಲೆ ತೆರುವುದು ಸ್ಟೇರಿಂಗಿನ ಹಿಂದೆ ಕೂತ ನಮ್ಮದೇ ಹುಡುಗ. ಹಾಗಾಗಿ ಹಳೆ ಗಾಡಿ ಎಬ್ಬಿಸುವವರಿಗೆ ನಮ್ಮ ಮಾತು ಇಷ್ಟೆ: ಹಣ ಕಡಿಮೆ ಇದ್ದರೆ ಬಣ್ಣವನ್ನು ಮುಂದಿನ ವರ್ಷಕ್ಕೆ ಹಾಕಿ. ವಯರಿಂಗನ್ನು ಮುಂದಕ್ಕೆ ಹಾಕಬೇಡಿ, ಅರ್ಧವೂ ಮಾಡಬೇಡಿ.

ಇದಕ್ಕೆ ಎದುರು ಮಾತುಗಳಿವೆ, ಅವನ್ನೂ ಕೇಳಿದ್ದೇವೆ. "ಮೀನು ಹೇರಿ ದಿನದ ಖರ್ಚು ನೋಡುವವನಿಗೆ ಎಂಟು ದಿನ ಗಾಡಿ ನಿಲ್ಲಿಸಲಿಕ್ಕೆ ಆಗ್ತದಾ?" ನ್ಯಾಯವಾದ ಪ್ರಶ್ನೆ. ದುಡಿಯುವ ಗಾಡಿಗೆ ಒಂದೇ ಸಲ ಆಗದಿದ್ದರೆ ಭಾಗ ಭಾಗವಾಗಿ ಮಾಡಿಸಬಹುದು. ಆದರೆ ಆ ಭಾಗ ಪೂರ್ತಿಯಾಗಿರಬೇಕು. ಮೊದಲು ಬ್ಯಾಟರಿಯ ಕೇಬಲು, ಅರ್ಥ್, ಮೇನ್ ಸ್ವಿಚ್, ಫ್ಯೂಸ್ ಬಾಕ್ಸ್. ಇದು ಒಂದು ದಿನದ ಕೆಲಸ, ಬೆಂಕಿಯ ಭಯದ ದೊಡ್ಡ ಪಾಲು ಇದರಲ್ಲೇ ಕಳೆಯುತ್ತದೆ. ಆಮೇಲಿನ ರಜೆಯಲ್ಲಿ ಹೆಡ್‌ಲೈಟ್ ಮತ್ತು ರಿಲೇ. ಅದರ ನಂತರ ಹಿಂದಿನ ಲೈಟು, ಇಂಡಿಕೇಟರ್. ಮಳೆಗಾಲದಲ್ಲಿ ಟ್ರಾಲ್ ಬೋಟುಗಳು ಕಡಲಿಗಿಳಿಯದ ಎರಡು ತಿಂಗಳು ಹೇಗೂ ದಕ್ಕೆಯ ಗಾಡಿಗಳಿಗೆ ಬಾಡಿಗೆ ಕಡಿಮೆ, ಆ ಹೊತ್ತು ಇದಕ್ಕೆ ಒಳ್ಳೆಯದು.

ಇನ್ನೊಂದು ಮಾತು, "ಇಷ್ಟು ಖರ್ಚು ಮಾಡುವ ಬದಲು ಗುಜರಿಗೆ ಕೊಡಬಾರದಾ?" ಕೆಲವು ಗಾಡಿಗಳನ್ನು ಕೊಡಲೇಬೇಕು. ಚೇಸಿಸ್ ತುಕ್ಕು ಹಿಡಿದು ತೂತಾಗಿದ್ದರೆ ಹೊಸ ವಯರಿಂಗ್ ಅದನ್ನು ಉಳಿಸುವುದಿಲ್ಲ. ಕಾಗದಪತ್ರವನ್ನೂ ಮೊದಲೇ ನೋಡಿಕೊಳ್ಳಿ. ಖಾಸಗಿ ಗಾಡಿಯ ಆರ್‌ಸಿಯನ್ನು 15 ವರ್ಷದ ನಂತರ ನವೀಕರಿಸಬೇಕು, ಬಾಡಿಗೆ ಗಾಡಿಗೆ 8 ವರ್ಷ ದಾಟಿದ ಮೇಲೆ ವರ್ಷ ವರ್ಷ ಫಿಟ್‌ನೆಸ್ ಬೇಕು. 2021ರಲ್ಲಿ ಕೇಂದ್ರ ಸರಕಾರ ವಿಂಟೇಜ್ ಗಾಡಿಗಳಿಗೆ ಬೇರೆ ನಿಯಮ ತಂದಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚೇಸಿಸ್, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರುವ ಗಾಡಿಗೆ ಆ ದಾರಿ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, 10 ವರ್ಷದ ಅವಧಿ. ಆದರೆ ಅಂಥ ಗಾಡಿಯನ್ನು ಬಾಡಿಗೆಗೂ ದಿನನಿತ್ಯದ ಓಡಾಟಕ್ಕೂ ಬಳಸುವಂತಿಲ್ಲ. ಎಂಜಿನ್ ಬದಲಿಸಿದ ನಮ್ಮಂಥವರ ಗಾಡಿಗೆ ಅದು ಹೊಂದುವುದಿಲ್ಲ. ಹಣ ಹಾಕುವ ಮೊದಲೇ ಈ ಲೆಕ್ಕ ಮಾಡಿದರೆ ಆಮೇಲೆ ತಲೆಬಿಸಿ ಇಲ್ಲ.

ಕೊನೆಯದಾಗಿ ಒಂದು ಮಾತು ಮನೆಯ ಹಿರಿಯರಿಗೆ. ಕಾಕನ ಶೆಡ್ಡಿನಲ್ಲಿ ಈಗ ಇರುವುದು ಒಬ್ಬನೇ ಹುಡುಗ. ಹಿಂದೆ ನಾಲ್ಕೈದು ಮಂದಿ ಇರುತ್ತಿದ್ದರು. "ಮಗ ಏನು ಮಾಡ್ತಾನೆ" ಎಂದು ಕೇಳಿದಾಗ "ಗ್ಯಾರೇಜಿನಲ್ಲಿ ವಯರಿನ ಕೆಲಸ" ಎನ್ನಲು ನಮಗೆ ನಾಚಿಕೆ. ಹೆಣ್ಣು ಕೇಳಲು ಹೋದಾಗಲೂ ಆ ಕೆಲಸಕ್ಕೆ ಬೆಲೆ ಇಲ್ಲ. ಅದೇ ಹುಡುಗ ದುಬೈಯ ಗ್ಯಾರೇಜಿನಲ್ಲಿ ಅದೇ ಕೆಲಸ ಮಾಡಿದರೆ ಬೆಲೆ ಉಂಟು! ಐಟಿಐಗಳ ಟ್ರೇಡುಗಳಲ್ಲಿ ಗಾಡಿಯ ಇಲೆಕ್ಟ್ರಿಕಲ್ ಮತ್ತು ಇಲೆಕ್ಟ್ರಾನಿಕ್ಸಿಗೇ ಬೇರೆ ಒಂದು ಟ್ರೇಡ್ ಇದೆ. ನಾಳೆಯ ಗಾಡಿಗಳು ಬ್ಯಾಟರಿಯಲ್ಲೇ ಓಡುವವು, ಅವುಗಳ ವೋಲ್ಟೇಜು ನೂರಾರು. ಅಲ್ಲಿ ಟೇಪು ಸುತ್ತುವವನಿಗೆ ಎರಡನೆಯ ಅವಕಾಶ ಇರುವುದಿಲ್ಲ. ಚಿತ್ರ ಬರೆದು, ಲೆಕ್ಕ ಹಾಕಿ, ಎಳೆದು ನೋಡಿ ಕೆಲಸ ಮಾಡುವವನೇ ಬೇಕು. ಐಟಿಐಯಲ್ಲಿ ಕಲಿತ ಹುಡುಗ ಕಾಕನಂಥವರ ಹತ್ತಿರ ಎರಡು ವರ್ಷ ಕೂತರೆ ಅವನಿಗೆ ಊರಿನಲ್ಲೂ ಕೆಲಸಕ್ಕೆ ಬರ ಇಲ್ಲ. ಆದರೆ ಆ ಎರಡು ವರ್ಷ ಅವನಿಗೆ ಸರಿಯಾದ ಸಂಬಳ ಕೊಡಬೇಕಾದರೆ ಕಾಕನ ಬಿಲ್ಲನ್ನು ನಾವು ಸರಿಯಾಗಿ ಕೊಡಬೇಕು. ನಮ್ಮ ಚೌಕಾಸಿಯ ನಷ್ಟ ಕೊನೆಗೆ ಹೋಗಿ ಬೀಳುವುದು ಆ ಹುಡುಗನ ಮೇಲೆ. ಅವನು ಬಿಟ್ಟು ಹೋದರೆ ನಮ್ಮ ಮೇಲೆ.

ಬಾಪನ ಪಿಕಪ್ ಈಗ ವಾರಕ್ಕೆರಡು ಸಲ ರೋಡಿಗೆ ಇಳಿಯುತ್ತದೆ. ಕಾಕ ಬರೆದ ಚಿತ್ರವನ್ನು ಪ್ಲಾಸ್ಟಿಕ್ ಹಾಕಿಸಿ ಸೀಟಿನ ಹಿಂದೆ ಇಟ್ಟಿದ್ದೇವೆ. ಅದರ ಜೊತೆಗೆ ನಾಲ್ಕು ಫ್ಯೂಸ್, ಒಂದು ರಿಲೇ, ಒಂದು ಸ್ಪ್ಯಾನರ್. ಅಣ್ಣನ ಚಿಕ್ಕ ಮಗಳಿಗೆ ಮೇನ್ ಸ್ವಿಚ್ ಎಲ್ಲಿದೆ, ಹೇಗೆ ತಿರುಗಿಸಬೇಕು ಅಂತ ಕಲಿಸಿದ್ದೇವೆ. ಗಾಡಿ ಅಂಗಳಕ್ಕೆ ಬಂದು ನಿಂತ ಕೂಡಲೇ ಅದನ್ನು ಬಂದ್ ಮಾಡುವ ಕೆಲಸ ಈಗ ಅವಳದ್ದೇ. ಬೇರೆಯವರು ಮುಟ್ಟಿದರೆ ಜಗಳಕ್ಕೆ ಬರುತ್ತಾಳೆ.